ಗೌರವಧನವೂ ದಿನಗೂಲಿಯೂ

ದುಡಿಮೆಗೆ ದೊರೆಯುವ ಪ್ರತಿಫಲಕ್ಕೆ ನಮ್ಮ ನುಡಿಯಲ್ಲಿ ಹಲವು ಹೆಸರುಗಳಿವೆ. ಹೊಲದಲ್ಲಿ ಕಳೆ ಕಿತ್ತವಳಿಗೆ ಸಂಜೆ ದೊರೆಯುವುದು ಕೂಲಿ. ಕಚೇರಿಯ ಗುಮಾಸ್ತನಿಗೆ ತಿಂಗಳಿಗೊಮ್ಮೆ ದೊರೆಯುವುದು ಸಂಬಳ. ಸರ್ಕಾರದ ಕಾಗದಗಳಲ್ಲಿ ಅದೇ ವೇತನ. ಸಂಬಳವೆಂಬ ಮಾತು ಸಂಸ್ಕೃತದ ‘ಶಂಬಲ’ದಿಂದ ಬಂದುದು, ದಾರಿಯ ಬುತ್ತಿ ಎಂಬುದು ಅದರ ಮೂಲಾರ್ಥ. ಬುತ್ತಿಯಿಲ್ಲದೆ ಪಯಣವಿಲ್ಲ ಎಂಬ ಸರಳ ಸತ್ಯವನ್ನು ನಮ್ಮ ಹಿರಿಯರು ಈ ಒಂದು ಮಾತಿನಲ್ಲಿಯೇ ಅಡಗಿಸಿಟ್ಟರು. ಈ ಮೂರರ ಪಕ್ಕದಲ್ಲಿ ಈಚಿನ ದಶಕಗಳಲ್ಲಿ ನಾಲ್ಕನೆಯದೊಂದು ಬಂದು ಕುಳಿತಿದೆ. ಅದು ‘ಗೌರವಧನ’. ನಾಲ್ಕರಲ್ಲಿ ಇದೇ ಅತ್ಯಂತ ಘನವಾದ ಶಬ್ದ. ಆದರೆ ಈ ಘನ ಶಬ್ದವನ್ನು ಧರಿಸಿಕೊಂಡು ಬರುವ ಹಣವೇ ಬಹುಮಟ್ಟಿಗೆ ಅತ್ಯಂತ ಹಗುರವಾದುದೆಂಬುದನ್ನು ಬದಲಿ ಶಿಕ್ಷಕರ ಮನೆಯವರೆಲ್ಲ ಬಲ್ಲರು. ಈ ತಿಂಗಳು ನಾವು ವಿಚಾರಿಸಬೇಕೆಂದಿರುವುದು ಆ ವಿಷಯವನ್ನೇ.

ಖಾಯಂ ಶಿಕ್ಷಕರ ಹುದ್ದೆ ಖಾಲಿ ಇರುವಲ್ಲಿ, ಅಥವಾ ಇರುವ ಶಿಕ್ಷಕರು ದೀರ್ಘ ರಜೆಯ ಮೇಲೆ ಹೋದಲ್ಲಿ, ಮಕ್ಕಳ ಪಾಠ ನಿಲ್ಲದಿರಲೆಂದು ತಾತ್ಕಾಲಿಕವಾಗಿ ನೇಮಿಸಿಕೊಳ್ಳುವವರನ್ನು ನಮ್ಮ ರಾಜ್ಯದಲ್ಲಿ ಅತಿಥಿ ಶಿಕ್ಷಕರೆಂದು ಕರೆಯುತ್ತಾರೆ. ತಿಥಿ ಗೊತ್ತುಮಾಡದೆ ಬರುವವನು ಅತಿಥಿ. ಅವನು ಬಂದರೆ ಮನೆಯ ಯಜಮಾನ ಕಾಲಿಗೆ ನೀರು ಕೊಡುತ್ತಾನೆ, ಮಣೆ ಹಾಕುತ್ತಾನೆ, ತಾನುಣ್ಣುವ ಮೊದಲು ಅವನಿಗೆ ಬಡಿಸುತ್ತಾನೆ. ಅತಿಥಿಯಿಂದ ಯಾರೂ ಮನೆಗೆಲಸ ಮಾಡಿಸಿಕೊಳ್ಳುವುದಿಲ್ಲ. ನಮ್ಮ ಶಾಲೆಯ ಅತಿಥಿಯಾದರೋ ಬೆಳಗಿನ ಪ್ರಾರ್ಥನೆಯಿಂದ ಸಂಜೆಯ ಗಂಟೆಯವರೆಗೆ ಪಾಠ ಹೇಳುತ್ತಾರೆ, ಹಾಜರಿ ಬರೆಯುತ್ತಾರೆ, ಬಿಸಿಯೂಟದ ಸಾಲನ್ನು ನೋಡಿಕೊಳ್ಳುತ್ತಾರೆ, ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಮನೆಗೆ ಒಯ್ದು ತಿದ್ದುತ್ತಾರೆ. ಮನೆಯವರ ಕೆಲಸವೆಲ್ಲ ಅವರದು. ಮನೆಯವರ ಪಂಕ್ತಿ ಮಾತ್ರ ಅವರದಲ್ಲ.

ಲೆಕ್ಕವನ್ನು ಮೊದಲು ನೋಡೋಣ

ಧರ್ಮದ ವಿಚಾರವನ್ನು ಆಡುವ ಮೊದಲು ಅಂಕಿಗಳನ್ನು ಕಣ್ಣಮುಂದೆ ಇಟ್ಟುಕೊಳ್ಳುವುದು ಒಳ್ಳೆಯದು. 2024-25ನೇ ಸಾಲಿನಲ್ಲಿ ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 10,000 ರೂಪಾಯಿ, ಪ್ರೌಢಶಾಲೆಯವರಿಗೆ 10,500 ರೂಪಾಯಿ ಗೌರವಧನವಿತ್ತು. 2025ರ ಮಾರ್ಚ್ ತಿಂಗಳ ಮುಂಗಡಪತ್ರದಲ್ಲಿ ಇದಕ್ಕೆ 2,000 ರೂಪಾಯಿಗಳನ್ನು ಸೇರಿಸುವುದಾಗಿ ಸರ್ಕಾರ ಘೋಷಿಸಿತು. ಹೆಚ್ಚಳವಾದುದು ಸಂತೋಷವೇ. ಆದರೆ ಮಾಸಿಕ ಮೊತ್ತವು ಕಣ್ಣಿಗೆ ಒಂದು ಬಗೆಯ ಮಂಪರನ್ನು ತರುತ್ತದೆ. ಅದನ್ನು ದಿನದ ಮೊತ್ತವಾಗಿ ಒಡೆದು ನೋಡಿದಾಗಲೇ ನಿಜ ತಿಳಿಯುವುದು.

ತಿಂಗಳಿಗೆ 26 ಕೆಲಸದ ದಿನಗಳೆಂದು ಹಿಡಿಯುವುದು ರೂಢಿ. ಹಾಗೆ ಭಾಗಿಸಿದರೆ 10,000 ರೂಪಾಯಿ ದಿನಕ್ಕೆ 385 ರೂಪಾಯಿಯಷ್ಟಾಗುತ್ತದೆ. ಅದೇ 2024-25ರಲ್ಲಿ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯಡಿ ಕೆರೆಯ ಹೂಳು ಎತ್ತುವವರಿಗೆ ಕರ್ನಾಟಕದಲ್ಲಿ ಗೊತ್ತುಮಾಡಿದ್ದ ದಿನಗೂಲಿ 349 ರೂಪಾಯಿ. ಶಿಕ್ಷಕಿಗೂ ಕೂಲಿಯವರಿಗೂ ನಡುವಣ ಅಂತರ ದಿನಕ್ಕೆ 36 ರೂಪಾಯಿ. ಮರುವರ್ಷ ಆ ಕೂಲಿ 370 ರೂಪಾಯಿ ಆಯಿತು. ಹೆಚ್ಚಳದ ನಂತರದ 12,000 ರೂಪಾಯಿ ದಿನಕ್ಕೆ 462 ರೂಪಾಯಿಯಷ್ಟಾಯಿತು. ಮಣ್ಣು ಹೊರುವವರ ಕೂಲಿ ಹೆಚ್ಚಾಯಿತೆಂದು ನಾವು ಇದನ್ನು ಹೇಳುತ್ತಿಲ್ಲ. ಅವರ ಕೂಲಿ ಇನ್ನೂ ಹೆಚ್ಚಬೇಕಾದುದೇ ನ್ಯಾಯ. ನಾವು ಹೇಳುವುದು ಇಷ್ಟೇ: ಎರಡು ಪದವಿ, ಒಂದು ಅರ್ಹತಾ ಪರೀಕ್ಷೆ, ಹಲವು ವರ್ಷಗಳ ಓದು – ಇವೆಲ್ಲದರ ಬೆಲೆ ಅಷ್ಟು ಅಲ್ಪವೇ?

ಇಷ್ಟಕ್ಕೇ ಲೆಕ್ಕ ಮುಗಿಯಲಿಲ್ಲ. ಅತಿಥಿ ಶಿಕ್ಷಕರ ನೇಮಕ ಆಯಾ ಶೈಕ್ಷಣಿಕ ವರ್ಷಕ್ಕೆ ಮಾತ್ರ. ಬೇಸಗೆಯ ರಜೆಯ ದಿನಗಳಿಗೆ ಹಣವಿಲ್ಲ. ವರ್ಷಕ್ಕೆ ಹತ್ತು ತಿಂಗಳ ಕೆಲಸವೆಂದು ಇಟ್ಟುಕೊಂಡರೂ 12,000 ರೂಪಾಯಿಯಂತೆ ಕೈಗೆ ಬರುವುದು 1,20,000 ರೂಪಾಯಿ. ಹೊಟ್ಟೆಗೆ ಬೇಸಗೆಯ ರಜೆ ಇಲ್ಲವಾದ್ದರಿಂದ ಇದನ್ನು 365 ದಿನಗಳಿಗೆ ಹಂಚಿದರೆ ದಿನಕ್ಕೆ 329 ರೂಪಾಯಿಯಷ್ಟಾಗುತ್ತದೆ. ಹೋಲಿಕೆಗೆ ಇನ್ನೊಂದು ಅಂಕಿ: ಏಳನೆಯ ರಾಜ್ಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ರಾಜ್ಯ ಸರ್ಕಾರಿ ನೌಕರರ ಅತ್ಯಂತ ಕೆಳಗಿನ ಮೆಟ್ಟಿಲಿನ ಮೂಲವೇತನ 27,000 ರೂಪಾಯಿ. ತುಟ್ಟಿಭತ್ಯೆ, ಮನೆಬಾಡಿಗೆ ಭತ್ಯೆಗಳು ಇದಕ್ಕೆ ಹೊರತು. ಶಾಲೆಯ ಗಂಟೆ ಬಾರಿಸುವ ಖಾಯಂ ಜವಾನನ ಮೂಲವೇತನದ ಅರ್ಧವೂ ಪಾಠ ಹೇಳುವ ಅತಿಥಿ ಶಿಕ್ಷಕಿಗೆ ದೊರೆಯದು.

ಕೆಲವು ತಿಂಗಳ ಹಿಂದೆ ಧಾರವಾಡದ ಕಡೆಯ ತಾಯಿಯೊಬ್ಬರು ನಮ್ಮೊಡನೆ ಮಾತನಾಡುತ್ತ ಹೇಳಿದುದು ಇದು: “ಶಾಸ್ತ್ರಿಗಳ, ಗಾರೆ ಕೆಲಸಕ್ಕ ಹೋಗೋ ನನ್ನ ಮಗಗ ಶನಿವಾರ ಸಂಜಿಕ ಬಟವಾಡಿ ಆಗ್ತದ. ಬಿ.ಎಡ್. ಮಾಡಿದ ಮಗಳಿಗೆ ಮೂರು ತಿಂಗಳಾತು, ರೊಕ್ಕ ಬಂದಿಲ್ರಿ. ಆಕಿ ಕಲ್ತದ್ದ ತಪ್ಪಾತೇನ್ರಿ?” ಈ ಪ್ರಶ್ನೆಗೆ ಸಮಾಧಾನದ ಮಾತು ಹೇಳಿ ಕಳುಹಿಸುವುದು ಸುಲಭ. ಆದರೆ ಪ್ರಶ್ನೆಯಲ್ಲಿ ನ್ಯಾಯವಿದೆ. ಗಾರೆ ಕೆಲಸದವನಿಗೆ ಇಷ್ಟಕ್ಕಿಂತ ಕಡಿಮೆ ಕೊಡಬಾರದೆಂಬ ಕಾನೂನಿನ ಗೆರೆಯೊಂದು ಇದೆ. ಶಿಕ್ಷಕಿಗೆ ಆ ಗೆರೆ ಏಕಿಲ್ಲ ಎಂಬುದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಗೌರವವೇ ಗೋಡೆಯಾದ ಬಗೆ

ಸ್ವಾತಂತ್ರ್ಯ ಬಂದ ಮರುವರ್ಷ, ಎಂದರೆ 1948ರಲ್ಲಿ, ನಮ್ಮ ದೇಶದಲ್ಲಿ ಕನಿಷ್ಠ ವೇತನ ಕಾಯ್ದೆ ಬಂದಿತು. ಕೆಲವು ಉದ್ಯೋಗಗಳ ಪಟ್ಟಿ ಮಾಡಿ, ಅವುಗಳಲ್ಲಿ ದುಡಿಯುವವರಿಗೆ ಇಂತಿಷ್ಟಕ್ಕಿಂತ ಕಡಿಮೆ ಕೊಡಕೂಡದೆಂದು ಸರ್ಕಾರವು ಗೊತ್ತುಮಾಡುವ ವ್ಯವಸ್ಥೆಯದು. ಆದರೆ ಕಾಯ್ದೆಯು ನೌಕರನೆಂದರೆ ಯಾರೆಂದು ಹೇಳುವಾಗ ಕುಶಲ ಅಥವಾ ಅಕುಶಲ ಕೆಲಸ, ದೈಹಿಕ ಶ್ರಮ, ಗುಮಾಸ್ತಿಕೆ ಎಂಬ ಮಾತುಗಳನ್ನು ಬಳಸಿತ್ತು. ಪಾಠ ಹೇಳುವುದು ಇವುಗಳಲ್ಲಿ ಯಾವುದು?

ಈ ಪ್ರಶ್ನೆ ಮೊದಲು ಬೇರೊಂದು ಕಾಯ್ದೆಯ ಸಂದರ್ಭದಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಗೋವೆಯ ಶಿಕ್ಷಕಿಯೊಬ್ಬರು ತಮ್ಮನ್ನು ಕೆಲಸದಿಂದ ತೆಗೆದುದರ ವಿರುದ್ಧ ಕೈಗಾರಿಕಾ ವಿವಾದಗಳ ಕಾಯ್ದೆಯ ಆಶ್ರಯ ಬೇಡಿದ್ದರು. 1988ರಲ್ಲಿ ತೀರ್ಪು ಬಂದಿತು. ಅದನ್ನು ಬರೆದವರು ಮರುವರ್ಷ ಭಾರತದ ಮುಖ್ಯ ನ್ಯಾಯಮೂರ್ತಿಗಳಾದ ನಮ್ಮ ಕನ್ನಡಿಗರೇ ಆದ ಇ.ಎಸ್. ವೆಂಕಟರಾಮಯ್ಯನವರು. ಅಧ್ಯಾಪನವು ಒಂದು ಉದಾತ್ತ ವೃತ್ತಿ. ಅದನ್ನು ದೈಹಿಕ ಶ್ರಮವೆಂದಾಗಲಿ ಗುಮಾಸ್ತಿಕೆಯೆಂದಾಗಲಿ ಎಣಿಸಲಾಗದು. ಆದ್ದರಿಂದ ಶಿಕ್ಷಕರು ಆ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಎಂಬುದು ಅದರ ಸಾರ. ಶಿಕ್ಷಕರ ವ್ಯಾಜ್ಯಗಳಿಗೆ ಬೇರೆ ವ್ಯವಸ್ಥೆಯನ್ನು ಶಾಸಕಾಂಗವೇ ಮಾಡಬೇಕೆಂಬ ಆಶಯವನ್ನೂ ಅದೇ ತೀರ್ಪು ವ್ಯಕ್ತಪಡಿಸಿತ್ತೆಂಬುದನ್ನು ಮರೆಯಬಾರದು.

ಮುಂದೆ ಹರಿಯಾಣದ ಸರ್ಕಾರವು ಖಾಸಗಿ ಶಾಲೆಗಳ ಶಿಕ್ಷಕರಿಗೂ ಕನಿಷ್ಠ ವೇತನವನ್ನು ಗೊತ್ತುಮಾಡಲು ಹೊರಟಿತು. ಅಲ್ಲಿನ ಮಾನ್ಯತೆಯಿಲ್ಲದ ಶಾಲೆಗಳ ಸಂಘವು ಅದನ್ನು ಪ್ರಶ್ನಿಸಿತು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗೋವೆಯ ತೀರ್ಪಿನ ತರ್ಕವನ್ನೇ ಅನುಸರಿಸಿ, ಕನಿಷ್ಠ ವೇತನ ಕಾಯ್ದೆಯು ಶಿಕ್ಷಕರಿಗೆ ಅನ್ವಯಿಸದೆಂದು ಹೇಳಿತು. ಶಾಲೆಯ ಜವಾನನಿಗೂ ವಾಹನದ ಚಾಲಕನಿಗೂ ಇರುವ ರಕ್ಷಣೆ ಅದೇ ಶಾಲೆಯ ಶಿಕ್ಷಕನಿಗೆ ಇಲ್ಲವಾಯಿತು. ಶಿಕ್ಷಕನು ಕೂಲಿಯವನಿಗಿಂತ ಮೇಲಿನವನು, ಆದ್ದರಿಂದ ಕೂಲಿಯವನಿಗಿರುವ ಕನಿಷ್ಠ ರಕ್ಷಣೆ ಅವನಿಗೆ ಬೇಡ – ತರ್ಕವು ಕೊನೆಗೆ ಬಂದು ನಿಂತುದು ಇಲ್ಲಿ. ಎತ್ತರದ ಪೀಠದ ಮೇಲೆ ಕೂರಿಸಿ, ಕೆಳಗಿನ ಏಣಿಯನ್ನು ತೆಗೆದಂತಾಯಿತು.

ಇದೇ ತರ್ಕವು ಉಪದಾನದ ವಿಷಯದಲ್ಲಿಯೂ ನಡೆಯಿತು. ಶಿಕ್ಷಕರು ಉಪದಾನಕ್ಕೆ ಅರ್ಹರಲ್ಲವೆಂದು 2004ರಲ್ಲಿ ಅಹಮದಾಬಾದಿನ ಪ್ರಾಥಮಿಕ ಶಿಕ್ಷಕರ ಪ್ರಕರಣದಲ್ಲಿ ತೀರ್ಪಾಯಿತು. ಆದರೆ ಇಲ್ಲಿ ಸಂಸತ್ತು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. 2009ರಲ್ಲಿ ಕಾಯ್ದೆಯ ವ್ಯಾಖ್ಯೆಯನ್ನೇ ತಿದ್ದಿ, 1997ರ ಏಪ್ರಿಲ್ 3ರಿಂದ ಪೂರ್ವಾನ್ವಯವಾಗುವಂತೆ ಶಿಕ್ಷಕರನ್ನು ಒಳಕ್ಕೆ ತಂದಿತು. ಖಾಸಗಿ ಶಾಲೆಗಳು ಇದನ್ನು ಪ್ರಶ್ನಿಸಿದಾಗ ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಇದರಿಂದ ನಾವು ಕಲಿಯಬೇಕಾದ ಪಾಠವೊಂದಿದೆ. ಗೋಡೆಯನ್ನು ಕಟ್ಟಿದುದು ಒಂದು ವ್ಯಾಖ್ಯೆ. ಅದನ್ನು ಕೆಡವಲು ಬೇಕಾದುದೂ ಒಂದು ವ್ಯಾಖ್ಯೆಯಷ್ಟೇ. ಉಪದಾನಕ್ಕೆ ಆದುದು ಕನಿಷ್ಠ ವೇತನಕ್ಕೆ ಆಗಲಾರದೆಂದೇನೂ ಇಲ್ಲ.

1948ರ ಕಾಯ್ದೆಯ ಸ್ಥಾನದಲ್ಲಿ ಈಗ 2019ರ ವೇತನ ಸಂಹಿತೆ ಬಂದಿದೆ. ಅದು 2025ರ ನವೆಂಬರ್ 21ರಿಂದ ಜಾರಿಗೊಂಡಿತು. ಉದ್ಯೋಗಗಳ ಪಟ್ಟಿ ಹೋಯಿತು. ಎಲ್ಲ ನೌಕರರಿಗೂ ಕನಿಷ್ಠ ವೇತನ ಎಂಬ ವಿಶಾಲ ತತ್ತ್ವ ಬಂದಿತು. ನೌಕರನೆಂಬುದರ ವ್ಯಾಖ್ಯೆಯೂ ಹಿಗ್ಗಿತು: ತಾಂತ್ರಿಕ, ಆಡಳಿತಾತ್ಮಕ, ಮೇಲ್ವಿಚಾರಣೆಯ ಕೆಲಸಗಳೂ ಸೇರಿದವು. ಆದರೆ ಶಿಕ್ಷಕ ಎಂಬ ಮಾತು ಅಲ್ಲಿ ಸ್ಪಷ್ಟವಾಗಿ ಬರಲಿಲ್ಲ. ಒಂದು ಬಾಗಿಲು ಮಾತ್ರ ಇದೆ. ಸಂಬಂಧಪಟ್ಟ ಸರ್ಕಾರವು ಯಾರನ್ನು ನೌಕರರೆಂದು ಘೋಷಿಸುತ್ತದೆಯೋ ಅವರೂ ನೌಕರರೇ ಎಂದು ಅದೇ ವ್ಯಾಖ್ಯೆ ಹೇಳುತ್ತದೆ. ಬದಲಿ ಶಿಕ್ಷಕರ ಸಂಘಗಳು ಕೇಳಬೇಕಾದುದು, ಶಾಸಕರಾದವರು ಸದನದಲ್ಲಿ ಎತ್ತಬೇಕಾದುದು ಈ ಒಂದು ಘೋಷಣೆಯನ್ನು.

ಖಾಯಮಾತಿ ಬೇರೆ, ಕೂಲಿ ಬೇರೆ

ಈ ವಿಷಯದಲ್ಲಿ ಎರಡು ಪ್ರಶ್ನೆಗಳು ಸದಾ ಒಂದರೊಳಗೊಂದು ಸಿಕ್ಕಿಕೊಂಡು ಗೊಂದಲವಾಗುತ್ತವೆ. ತಾತ್ಕಾಲಿಕವಾಗಿ ಬಂದವರನ್ನು ಖಾಯಂ ಮಾಡಬೇಕೇ ಎಂಬುದು ಒಂದು. ತಾತ್ಕಾಲಿಕವಾಗಿ ಇರುವಷ್ಟು ಕಾಲ ಅವರಿಗೆ ಎಷ್ಟು ಕೊಡಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಕೊಟ್ಟುದು ಕರ್ನಾಟಕದಿಂದಲೇ ಹೋದ ಪ್ರಕರಣ. ಉಮಾದೇವಿ ಪ್ರಕರಣವೆಂದು ಹೆಸರಾದ ಅದರಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2006ರ ಏಪ್ರಿಲ್ 10ರಂದು ತೀರ್ಪಿತ್ತು, ನಿಯಮಬದ್ಧ ನೇಮಕಾತಿಯ ದಾರಿಯಲ್ಲಿ ಬಾರದವರಿಗೆ ಖಾಯಮಾತಿಯ ಹಕ್ಕಿಲ್ಲವೆಂದು ಹೇಳಿತು. ಸರತಿಯಲ್ಲಿ ನಿಂತು ಪರೀಕ್ಷೆ ಬರೆಯುವ ಇತರರ ಸಮಾನ ಅವಕಾಶವನ್ನು ಕಾಯುವ ತೀರ್ಪು ಅದು. ಅದರಲ್ಲಿಯೂ ಒಂದು ನ್ಯಾಯವಿದೆ.

ಆದರೆ ಎರಡನೆಯ ಪ್ರಶ್ನೆಗೆ 2016ರ ಅಕ್ಟೋಬರ್ 26ರಂದು ಬಂದ ಉತ್ತರವೇ ಬೇರೆ. ಪಂಜಾಬ್ ಸರ್ಕಾರ ಮತ್ತು ಜಗಜೀತ್ ಸಿಂಗ್ ಅವರ ನಡುವಣ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಜೆ.ಎಸ್. ಖೇಹರ್ ಮತ್ತು ಎಸ್.ಎ. ಬೋಬ್ಡೆ ಅವರ ಪೀಠವು, ಖಾಯಂ ನೌಕರನು ಮಾಡುವ ಕೆಲಸವನ್ನೇ ಅದೇ ಹೊಣೆಯೊಡನೆ ಮಾಡುವ ತಾತ್ಕಾಲಿಕ ನೌಕರನಿಗೆ ಆ ಹುದ್ದೆಯ ವೇತನ ಶ್ರೇಣಿಯ ಕನಿಷ್ಠ ಮೊತ್ತವು ಸಲ್ಲಬೇಕೆಂದು ಹೇಳಿತು. ಹಸಿದವನು ಎಷ್ಟಾದರೂ ಸರಿಯೆಂದು ಒಪ್ಪುತ್ತಾನೆ. ಆ ಒಪ್ಪಿಗೆಯನ್ನು ನ್ಯಾಯವೆಂದು ಎಣಿಸಲಾಗದು ಎಂಬುದು ಆ ತೀರ್ಪಿನ ಹಿಂದಿನ ಭಾವನೆ. ಕೆಲಸವೂ ಹೊಣೆಯೂ ಒಂದೇ ಎಂದು ತೋರಿಸಿಕೊಡುವ ಭಾರ ಕೇಳುವವನ ಮೇಲೆಯೇ ಇದೆ. ಆದ್ದರಿಂದ ಈ ತತ್ತ್ವ ತಾನಾಗಿ ಎಲ್ಲರ ಮನೆಬಾಗಿಲಿಗೆ ಬರುವುದಿಲ್ಲ. ಬಂದಲ್ಲಿ ಮಾತ್ರ ಅದರ ಬೆಳಕು ದೊಡ್ಡದು.

ಈಚೆಗೆ ಆ ಬೆಳಕು ಶಿಕ್ಷಕರ ಮೇಲೂ ಬಿದ್ದಿತು. ಗುಜರಾತಿನ ಗುತ್ತಿಗೆಯ ಸಹಾಯಕ ಪ್ರಾಧ್ಯಾಪಕರು ತಿಂಗಳಿಗೆ 30,000 ರೂಪಾಯಿಗೆ ವರ್ಷಗಟ್ಟಲೆ ದುಡಿಯುತ್ತಿದ್ದರು. 2025ರ ಆಗಸ್ಟ್ 22ರಂದು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ಪಿ.ಎಸ್. ನರಸಿಂಹ ಮತ್ತು ಜೊಯ್‌ಮಾಲ್ಯ ಬಾಗಚಿ ಅವರು, ಇವರಿಗೆ ಸಹಾಯಕ ಪ್ರಾಧ್ಯಾಪಕರ ಶ್ರೇಣಿಯ ಕನಿಷ್ಠ ವೇತನ ಸಲ್ಲಬೇಕೆಂದು ತೀರ್ಪಿತ್ತರು. ಸಭೆಗಳಲ್ಲಿ ಗುರುವನ್ನು ಬ್ರಹ್ಮ ವಿಷ್ಣು ಮಹೇಶ್ವರರೆಂದು ಹೊಗಳುವ ಶ್ಲೋಕವನ್ನು ಹೇಳಿದರೆ ಸಾಲದು, ಶಿಕ್ಷಕರನ್ನು ದೇಶವು ನಡೆಸಿಕೊಳ್ಳುವ ರೀತಿಯಲ್ಲಿ ಅದು ಕಾಣಬೇಕೆಂಬ ಅಭಿಪ್ರಾಯವನ್ನೂ ಅವರು ದಾಖಲಿಸಿದರು. ಸೆಪ್ಟೆಂಬರ್ 5ರಂದು ಹಾರ ಹಾಕಿ, ಶಾಲು ಹೊದಿಸಿ ಫೋಟೋ ತೆಗೆಸಿಕೊಳ್ಳುವ ನಾವೆಲ್ಲರೂ ಈ ಮಾತನ್ನು ಒಮ್ಮೆ ಕುಳಿತು ಯೋಚಿಸಬೇಕು.

ಭಾಗಾಕಾರದಲ್ಲಿರುವ ಧರ್ಮ

ದಿನದ ಕನಿಷ್ಠ ಮೊತ್ತವನ್ನು ಹೇಗೆ ಗೊತ್ತುಮಾಡಬೇಕೆಂಬುದಕ್ಕೆ ಬೇರೆ ದೇಶಗಳಲ್ಲಿ ಏನು ಕ್ರಮವಿದೆಯೆಂದು ತಿಳಿಯಬಯಸುವವರಿಗೆ ಇಂಗ್ಲೆಂಡಿನ ಉದಾಹರಣೆ ಉಪಯುಕ್ತ. ಅಲ್ಲಿ ಶಿಕ್ಷಕರ ವೇತನ ಮತ್ತು ಸೇವಾ ನಿಯಮಗಳ ಅಧಿಕೃತ ದಸ್ತಾವೇಜೊಂದು ವರ್ಷವರ್ಷವೂ ಹೊರಡುತ್ತದೆ. ಸ್ಥಳೀಯ ಆಡಳಿತದ ಶಾಲೆಯೊಂದು ಒಂದು ದಿನದ ಮಟ್ಟಿಗೆ ಬದಲಿ ಶಿಕ್ಷಕನನ್ನು ನೇರವಾಗಿ ನೇಮಿಸಿಕೊಂಡರೆ, ಆ ಶಿಕ್ಷಕನಿಗೆ ಸಲ್ಲಬೇಕಾದ ವಾರ್ಷಿಕ ವೇತನವನ್ನು 195ರಿಂದ ಭಾಗಿಸಿ ಬಂದುದನ್ನು ದಿನಕ್ಕೆ ಕೊಡಬೇಕು. ಅಲ್ಲಿ ಶಿಕ್ಷಕನ ವರ್ಷದ ಕೆಲಸದ ದಿನಗಳು 195. ಲಂಡನ್ ಸುತ್ತಿನ ಹೊರಗೆ 2025-26ರಲ್ಲಿ ಹೊಸ ಶಿಕ್ಷಕನ ಕನಿಷ್ಠ ವಾರ್ಷಿಕ ವೇತನ 32,916 ಪೌಂಡ್. ಭಾಗಿಸಿದರೆ ದಿನಕ್ಕೆ 168 ಪೌಂಡ್ 80 ಪೆನ್ಸ್.

ನಾವು ಗಮನಿಸಬೇಕಾದುದು ಪೌಂಡನ್ನಲ್ಲ, ಭಾಜಕವನ್ನು. ಅವರು 365ರಿಂದ ಭಾಗಿಸಲಿಲ್ಲ. ಕೆಲಸದ ದಿನಗಳಿಂದ ಮಾತ್ರ ಭಾಗಿಸಿದರು. ಖಾಯಂ ಶಿಕ್ಷಕನ ವಾರ್ಷಿಕ ವೇತನದಲ್ಲಿ ರಜೆಯ ದಿನಗಳ ಅನ್ನವೂ ಸೇರಿದೆ. ಅದನ್ನು ಕೆಲಸದ ದಿನಗಳಿಗೆ ಮಾತ್ರ ಹಂಚಿದಾಗ, ಬದಲಿ ಶಿಕ್ಷಕನು ದುಡಿದ ಪ್ರತಿಯೊಂದು ದಿನದ ಬೆಲೆಯೊಳಗೆ ರಜೆಯ ಅನ್ನದ ಒಂದು ತುತ್ತು ಸೇರಿಕೊಳ್ಳುತ್ತದೆ. ನಮ್ಮಲ್ಲಿಯಾದರೋ ಖಾಯಂ ಶಿಕ್ಷಕರಿಗೆ ಬೇಸಗೆಯ ಸಂಬಳವುಂಟು, ಅತಿಥಿಗೆ ಬೇಸಗೆಯೂ ಇಲ್ಲ, ಬೇಸಗೆಯನ್ನು ಒಳಗೊಂಡ ದಿನದ ದರವೂ ಇಲ್ಲ. ಅಲ್ಲಿಯೂ ಎಲ್ಲವೂ ಸರಿಯಾಗಿದೆಯೆಂದು ಭ್ರಮಿಸಬೇಕಾಗಿಲ್ಲ. ಅಲ್ಲಿನ ಬದಲಿ ಶಿಕ್ಷಕರಲ್ಲಿ ಅನೇಕರು ಖಾಸಗಿ ಏಜೆನ್ಸಿಗಳ ಮೂಲಕ ಬರುವವರು. ಏಜೆನ್ಸಿಯವರು ಈ ದರಕ್ಕೆ ಬದ್ಧರಲ್ಲ. ಒಂದೇ ಶಾಲೆಯಲ್ಲಿ 12 ವಾರ ದುಡಿದ ಮೇಲೆ ಮಾತ್ರ ಸಮಾನ ವೇತನದ ಹಕ್ಕು ಬರುತ್ತದೆ. ಆ ನಿಯಮ 2011ರ ಅಕ್ಟೋಬರ್ ತಿಂಗಳಿಂದ ಜಾರಿಯಲ್ಲಿದೆ. ಮಧ್ಯವರ್ತಿ ಬಂದಲ್ಲಿ ಗೆರೆ ಮಸುಕಾಗುವುದು ಎಲ್ಲ ದೇಶಗಳ ಅನುಭವ.

ನಮ್ಮಲ್ಲಿಯೂ ಗೆರೆ ಎಳೆದ ನಿದರ್ಶನಗಳು ಇಲ್ಲದಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗವು 2019ರ ಜನವರಿಯಲ್ಲಿ ಕಾಲೇಜುಗಳ ಅತಿಥಿ ಉಪನ್ಯಾಸಕರಿಗೆ ಒಂದು ಉಪನ್ಯಾಸಕ್ಕೆ 1,500 ರೂಪಾಯಿಯಂತೆ, ತಿಂಗಳಿಗೆ ಹೆಚ್ಚೆಂದರೆ 50,000 ರೂಪಾಯಿ ಕೊಡಬಹುದೆಂದು ಮಾರ್ಗಸೂಚಿ ಹೊರಡಿಸಿತು. ಕಾಲೇಜಿನ ಒಂದು ಗಂಟೆಯ ಪಾಠದ ಬೆಲೆ 1,500 ರೂಪಾಯಿ ಎಂದು ಒಂದು ಕೈ ಬರೆಯುತ್ತದೆ. ಕನ್ನಡ ಶಾಲೆಯ ಇಡೀ ದಿನದ ಪಾಠಕ್ಕೆ ಅದರ ಮೂರನೆಯ ಒಂದು ಪಾಲೂ ದೊರೆಯದು. ಅ ಆ ಇ ಈ ಕಲಿಸುವುದು ಅಷ್ಟು ಸುಲಭದ ಕೆಲಸವೆಂದು ಯಾರು ಹೇಳಿದರು? ತಳಪಾಯವನ್ನು ಕಟ್ಟುವವನಿಗೆ ಗೋಪುರಕ್ಕೆ ಬಣ್ಣ ಬಳಿಯುವವನಿಗಿಂತ ಕಡಿಮೆ ಕೂಲಿ ಕೊಡುವ ಯಜಮಾನನ ಮನೆ ಬಹುಕಾಲ ನಿಲ್ಲದು.

ಬದಲಿ ಶಿಕ್ಷಕರ ಅಗತ್ಯವೇ ಬಾರದಂತೆ ನೋಡಿಕೊಳ್ಳಬೇಕೆಂಬುದು ಕಾನೂನಿನ ಆಶಯ. 2009ರ ಶಿಕ್ಷಣ ಹಕ್ಕು ಕಾಯ್ದೆಯ 26ನೆಯ ಪ್ರಕರಣವು, ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಲ್ಲಿ ಖಾಲಿ ಹುದ್ದೆಗಳು ಮಂಜೂರಾದ ಸಂಖ್ಯೆಯ ಶೇಕಡಾ 10ನ್ನು ಮೀರಬಾರದೆಂದು ಹೇಳುತ್ತದೆ. ಖಾಲಿ ಹುದ್ದೆಯನ್ನು ತುಂಬದೆ ಅತಿಥಿಯಿಂದ ವರ್ಷಗಳನ್ನು ನೂಕುವುದು ಆಡಳಿತಕ್ಕೆ ಉಳಿತಾಯವೆಂದು ತೋರಬಹುದು. ಆ ಉಳಿತಾಯದ ಹಣ ಬಂದುದು ಎಲ್ಲಿಂದ? ಒಬ್ಬ ಹೆಣ್ಣುಮಗಳ ಬುತ್ತಿಯಿಂದ, ಮತ್ತು ಪ್ರತಿ ಜೂನ್‌ನಲ್ಲಿ ಹೊಸ ಮುಖವನ್ನು ನೋಡಿ ಮೊದಲಿನಿಂದ ಪರಿಚಯ ಮಾಡಿಕೊಳ್ಳಬೇಕಾದ ಮಕ್ಕಳ ಕಲಿಕೆಯಿಂದ. ದಿನದ ದರವು ನ್ಯಾಯವಾದಷ್ಟು ಇದ್ದಿದ್ದರೆ ಖಾಲಿ ಹುದ್ದೆಯನ್ನು ಖಾಲಿಯಾಗಿಡುವ ಆಸೆಯೇ ಆಡಳಿತಕ್ಕೆ ಹುಟ್ಟುತ್ತಿರಲಿಲ್ಲ.

ನಮ್ಮ ಮನೆ, ನಮ್ಮ ಸಂಸ್ಥೆ

ಈವರೆಗೆ ಸರ್ಕಾರದ ಮಾತಾಯಿತು. ಸರ್ಕಾರದ ಕಡೆಗೆ ಬೆರಳು ತೋರಿಸಿ ಲೇಖನವನ್ನು ಮುಗಿಸಿದರೆ ನಮ್ಮ ವಾಚಕರು ಒಪ್ಪಬಹುದು, ನಮ್ಮ ಮನಸ್ಸು ಒಪ್ಪದು. ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಎರಡು ಬಗೆಯವರಿದ್ದಾರೆ. ಮಗಳನ್ನೋ ಸೊಸೆಯನ್ನೋ ಬದಲಿ ಶಿಕ್ಷಕಿಯಾಗಿ ಕಳುಹಿಸುವವರು ಒಂದು ಬಗೆ. ಊರಿನ ವಿದ್ಯಾಸಂಸ್ಥೆಯ ಆಡಳಿತ ಮಂಡಳಿಯಲ್ಲಿ ಕುಳಿತು ಅಂಥವರ ದರವನ್ನು ಗೊತ್ತುಮಾಡುವವರು ಇನ್ನೊಂದು ಬಗೆ. ಕೆಲವು ಮನೆಗಳಲ್ಲಿ ಇಬ್ಬರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ.

ಮೊದಲನೆಯ ಬಗೆಯವರಿಗೆ ನಾಲ್ಕು ಮಾತು. ಕೆಲಸಕ್ಕೆ ಸೇರುವಾಗ ಬರವಣಿಗೆಯ ಆದೇಶಪತ್ರವನ್ನು ಕೇಳಿ ಪಡೆಯಿರಿ. ಬಾಯಿಮಾತಿನ ನೇಮಕಕ್ಕೆ ನ್ಯಾಯಾಲಯದಲ್ಲಿ ಬೆಲೆ ಕಡಿಮೆ. ತೆಗೆದುಕೊಂಡ ತರಗತಿಗಳ, ಮಾಡಿದ ಇತರ ಕೆಲಸಗಳ ದಿನಚರಿಯನ್ನು ಬರೆದಿಡಿ. ಖಾಯಂ ಶಿಕ್ಷಕರ ಕೆಲಸವನ್ನೇ ಮಾಡಿದೆವೆಂದು ತೋರಿಸುವ ಭಾರ ನಿಮ್ಮ ಮೇಲಿರುವುದರಿಂದ ನಾಳೆ ಅದೇ ಸಾಕ್ಷಿ. ಇಪ್ಪತ್ತು ಅಥವಾ ಹೆಚ್ಚು ನೌಕರರಿರುವ ಖಾಸಗಿ ಶಾಲೆಯಾದರೆ ಭವಿಷ್ಯನಿಧಿಯ ಖಾತೆಯಿದೆಯೇ ಎಂದು ವಿಚಾರಿಸಿ. ವಿದ್ಯಾಸಂಸ್ಥೆಗಳು 1982ರಿಂದಲೇ ಭವಿಷ್ಯನಿಧಿಯ ವ್ಯಾಪ್ತಿಯಲ್ಲಿವೆ. ನಿಗದಿತ ಅವಧಿಗೆ ನೇಮಕಗೊಂಡವರಿಗೆ ಒಂದು ವರ್ಷದ ಸೇವೆಗೂ ಉಪದಾನ ಸಲ್ಲುವಂತೆ ಸಾಮಾಜಿಕ ಭದ್ರತಾ ಸಂಹಿತೆಯು 2025ರ ನವೆಂಬರ್‌ನಿಂದ ಮಾಡಿದೆ ಎಂಬುದನ್ನೂ ನೆನಪಿಡಿ. ಹೆರಿಗೆಯ ಸೌಲಭ್ಯವು ಖಾಯಂ ಇರುವವರಿಗೆ ಮಾತ್ರವೆಂದು ಯಾರಾದರೂ ಹೇಳಿದರೆ, ದಿನಗೂಲಿಯ ಹೆಣ್ಣುಮಕ್ಕಳಿಗೂ ಅದು ಸಲ್ಲುತ್ತದೆಂದು ದೆಹಲಿ ನಗರಪಾಲಿಕೆಯ ಪ್ರಕರಣದಲ್ಲಿ 2000ನೇ ಇಸವಿಯಲ್ಲಿಯೇ ಸರ್ವೋಚ್ಚ ನ್ಯಾಯಾಲಯ ಹೇಳಿದೆಯೆಂದು ವಿನಯದಿಂದ ತಿಳಿಸಿ. ವಕೀಲರ ವೆಚ್ಚಕ್ಕೆ ಅಂಜಬೇಕಾಗಿಲ್ಲ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಆದಾಯ ಎಷ್ಟೇ ಇದ್ದರೂ ಮಹಿಳೆಯರಿಗೆ ಉಚಿತ ಕಾನೂನು ನೆರವು ದೊರೆಯುತ್ತದೆ.

ಎರಡನೆಯ ಬಗೆಯ ಮಹನೀಯರಲ್ಲಿ ನಮ್ಮದು ವಿಜ್ಞಾಪನೆ. ಸಂಸ್ಥೆಯನ್ನು ನಡೆಸುವ ಕಷ್ಟ ನಮಗೆ ತಿಳಿಯದುದಲ್ಲ. ಹಳ್ಳಿಯ ಶಾಲೆಗೆ ಶುಲ್ಕ ಬರುವುದು ಅಲ್ಪ. ಅನುದಾನ ಬರುವುದು ವಿಳಂಬ. ಕಟ್ಟಡದ ಸಾಲ ತಲೆಯ ಮೇಲೆ. ಆದರೂ ಕಟ್ಟಡಕ್ಕೆ ಕಲ್ಲು ತಂದವನಿಗೆ ಕಡಿಮೆ ಕೊಟ್ಟು ನಾವು ಕಟ್ಟಡ ಕಟ್ಟುವುದಿಲ್ಲ. ಅವನು ಕಲ್ಲನ್ನು ಇಳಿಸುವುದೇ ಇಲ್ಲ. ಶಿಕ್ಷಕಿ ಮಾತ್ರ ಎಷ್ಟು ಕೊಟ್ಟರೂ ಮಕ್ಕಳ ಮುಖ ನೋಡಿ ಪಾಠ ಹೇಳಿಬಿಡುತ್ತಾಳೆಂಬ ಧೈರ್ಯದ ಮೇಲೆ ನಮ್ಮ ಲೆಕ್ಕಪತ್ರ ನಿಂತಿರಬಾರದು. ‘ಇದು ಸೇವೆಯಮ್ಮಾ, ದಾಸೋಹವೆಂದು ತಿಳಿ’ ಎಂದು ಹೇಳುವವರನ್ನು ನಾವು ಕೇಳಿದ್ದೇವೆ. ದಾಸೋಹವು ಕೊಡುವವನು ತನ್ನ ಕೈಯಾರೆ, ತನ್ನ ಗಳಿಕೆಯಿಂದ ಮಾಡುವುದು. ಇನ್ನೊಬ್ಬರ ಕೂಲಿಯನ್ನು ಹಿಡಿದುಕೊಂಡು ಅವರ ಪರವಾಗಿ ನಾವು ದಾಸೋಹ ಮಾಡಲಾಗದು. ಕಾಯಕದ ಫಲವು ಮೊದಲು ಕಾಯಕ ಮಾಡಿದವರ ಕೈಸೇರಬೇಕು. ಅದರಿಂದ ಏನನ್ನು ನೀಡಬೇಕೆಂಬುದು ಅನಂತರದ ಮಾತು, ಅದೂ ಅವರದೇ ಮಾತು.

ಆದುದರಿಂದ ಮುಂದಿನ ಸಭೆಯಲ್ಲಿ ಒಂದು ಸಣ್ಣ ಠರಾವನ್ನು ಮಂಡಿಸಿರಿ. ಬದಲಿಯಾಗಿ ಬರುವ ಶಿಕ್ಷಕರಿಗೆ ದಿನದ ದರವನ್ನು ಕಣ್ಣಂದಾಜಿನಿಂದ ಹೇಳದೆ, ಅದೇ ಹುದ್ದೆಯ ಖಾಯಂ ಶಿಕ್ಷಕರ ಆರಂಭದ ವಾರ್ಷಿಕ ವೇತನವನ್ನು ಶಾಲೆಯ ನಿಜವಾದ ಕೆಲಸದ ದಿನಗಳಿಂದ ಭಾಗಿಸಿ ಗೊತ್ತುಮಾಡುವುದು. ತಿಂಗಳ ಹಣವನ್ನು ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಬಟವಾಡೆ ಮಾಡುವುದು. ಉತ್ತರಪತ್ರಿಕೆ ತಿದ್ದುವ ದಿನಗಳನ್ನೂ ಕೆಲಸದ ದಿನಗಳೆಂದೇ ಎಣಿಸುವುದು. ಈ ವರ್ಷವೇ ಪೂರ್ಣ ದರ ಕೊಡಲಾಗದಿದ್ದರೆ, ಎಷ್ಟು ವರ್ಷಗಳಲ್ಲಿ ಆ ದರವನ್ನು ಮುಟ್ಟುವೆವೆಂದು ನಡಾವಳಿಯಲ್ಲಿ ಬರೆದಿಡುವುದು. ಬರೆದ ಮಾತಿಗೆ ಮುಂದಿನ ಸಭೆ ಉತ್ತರ ಹೇಳಬೇಕಾಗುತ್ತದೆ.

ಒಂದು ಕಾಲದಲ್ಲಿ ನಮ್ಮ ನಾಡಿನ ಹಳ್ಳಿಗಳಲ್ಲಿ ಅಕ್ಷರ ಕಲಿಸುವ ಶಾಲೆಗೆ ಕೂಲಿಮಠವೆಂದೇ ಹೆಸರಿತ್ತು. ಮಕ್ಕಳ ಮನೆಯವರು ಕಲಿಸುವ ಐಗಳಿಗೆ ದುಡ್ಡನ್ನೋ ದವಸವನ್ನೋ ತಮ್ಮ ಶಕ್ತಿಯಂತೆ ಕೊಡುತ್ತಿದ್ದರು. ಕೂಲಿಯೆಂಬ ಮಾತನ್ನು ಮಠವೆಂಬ ಮಾತಿನ ಪಕ್ಕದಲ್ಲಿಟ್ಟು ಕರೆಯಲು ಆ ಜನರಿಗೆ ನಾಚಿಕೆಯೆನಿಸಲಿಲ್ಲ. ಹಾಗೆ ಕರೆದುದರಿಂದ ಐಗಳ ಮಾನಕ್ಕೆ ಕುಂದೂ ಬರಲಿಲ್ಲ. ಕಲಿಸುವುದಕ್ಕೆ ಕೂಲಿಯುಂಟು, ಅದನ್ನು ಕೊಡಬೇಕು ಎಂಬ ತಿಳಿವಳಿಕೆ ಆ ಹೆಸರಿನಲ್ಲಿಯೇ ಇತ್ತು. ನಾವು ಆ ಹೆಸರನ್ನು ಬಿಟ್ಟು ಗೌರವಧನವೆಂಬ ಹೊಸ ಹೆಸರನ್ನು ತಂದೆವು. ಗೌರವವನ್ನು ನಾವು ಮನಸ್ಸಿನಿಂದ ಕೊಡೋಣ, ಧನವನ್ನು ಲೆಕ್ಕದಿಂದ ಕೊಡೋಣ. ಒಂದನ್ನು ಕೊಟ್ಟು ಇನ್ನೊಂದು ಸಂದಿತೆಂದು ಬರೆದುಕೊಳ್ಳುವ ಲೆಕ್ಕ ಬೇಡ.